ಅಗುಳಿ ತೆಗೆಯುವ ಸದ್ದು

ಮಂಡ್ಯದ ನಮ್ಮ ಮನೆ ಮಹಡಿಯಲ್ಲಿ ಅಮಾವಾಸ್ಯೆ ಸಂಜೆ ಹತ್ತು-ಹನ್ನೆರಡು ಜನ ಸೇರುತ್ತೇವೆ. ಎಲ್ಲರೂ ಓದುವ ಹುಚ್ಚಿನವರು. ನಿಮ್ಮನ್ನು ತುಂಬಾ ಹೆದರಿಸಿದ ಸಣ್ಣ ಕಥೆ ಯಾವುದೋ ಅದನ್ನು ಹೇಳಬೇಕು. ಐದು ನಿಮಿಷ ಮೀರಬಾರದು, ಕಾಗದ ನೋಡಿ ಓದಬಾರದು.

ಮೊದಲ ಸಲ ನಾನು ಕೆಡಿಸಿದೆ. ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ಮೊಬೈಲಿನಲ್ಲಿ ನರಿ ಊಳಿಡುವ ಸದ್ದು ಹಾಕಿದ್ದೆ. ಮಕ್ಕಳು ನಕ್ಕರು. ಭಯ ಹೊರಗಿನಿಂದ ತಂದು ಸುರಿಯುವಂಥದ್ದಲ್ಲ ಅಂತ ಅವತ್ತು ಗೊತ್ತಾಯಿತು. ಈಗ ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ.

ನನ್ನನ್ನು ಹೆದರಿಸಿದ್ದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’. ಒಣಗಿದ ಕೋತಿಯ ಪಂಜ, ಮೂರು ವರ. ಅಪ್ಪ 200 ಪೌಂಡ್ ಕೇಳುತ್ತಾನೆ. ಮಾರನೇ ದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರ ಸರಿಯಾಗಿ 200 ಪೌಂಡ್. ಮಣ್ಣು ಮಾಡಿದ ಮೇಲೆ ಅಮ್ಮ ಹಟ ಹಿಡಿದು, ಮಗ ಮತ್ತೆ ಬದುಕಿ ಬರಲಿ ಅಂತ ಅಪ್ಪನ ಕೈಲಿ ಎರಡನೇ ವರ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುತ್ತದೆ.

ಇದನ್ನು ಮೊದಲು ಪುಸ್ತಕದ ಕನ್ನಡದಲ್ಲಿ ಬರೆದು ಬಾಯಿಪಾಠ ಮಾಡಿ ಹೇಳಿದ್ದೆ. ಯಾರಿಗೂ ಏನೂ ಅನಿಸಲಿಲ್ಲ. ಮುಂದಿನ ಅಮಾವಾಸ್ಯೆಗೆ ಬರೆದದ್ದನ್ನು ಬಿಟ್ಟು, ನಮ್ಮಜ್ಜಿ ಮನೆಯ ಬಾಗಿಲನ್ನು ನೆನೆದುಕೊಂಡು ಹೇಳಿದೆ. ಕೆಳಗಿನ ಸರಪಳಿ ಕಳಚಿತು. ಮೇಲಿನ ಅಗುಳಿ ಅಮ್ಮನ ಕೈಗೆ ಎಟುಕುತ್ತಿಲ್ಲ. ಕುರ್ಚಿ ಎಳೆದ ಸದ್ದು. ಇಲ್ಲಿ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಅಪ್ಪ ಕತ್ತಲಲ್ಲಿ ನೆಲ ತಡಕುತ್ತಾ ಪಂಜ ಹುಡುಕುತ್ತಿದ್ದಾನೆ. ಹೆಣದ ಗುರುತು ಬಟ್ಟೆ ನೋಡಿಯೇ ಹಿಡಿದವನು ಅವನು. ಬಾಗಿಲಾಚೆ ಏನು ನಿಂತಿದೆ ಅಂತ ಅವನಿಗೆ ಗೊತ್ತು, ಅಮ್ಮನಿಗೆ ಬೇಕಾಗಿಲ್ಲ. ಅಗುಳಿ ಕಿರ್ ಅಂದಿತು, ಪಂಜ ಕೈಗೆ ಸಿಕ್ಕಿತು. ಮೂರನೇ ವರ ಏನು ಅಂತ ಜೇಕಬ್ಸ್ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಬಾಗಿಲು ತೆರೆದಾಗ ಬೀದಿ ಖಾಲಿ.

ಅವತ್ತು ಯಾರೂ ನಗಲಿಲ್ಲ. ಒಬ್ಬರು ಮಾತ್ರ ಮೆಲ್ಲಗೆ, ‘ಪಾಪ, ಅವಳಿಗೆ ಮಗ ಅಲ್ವಾ’ ಅಂದರು.

ಆಮೇಲೆ ಗಮನಿಸಿದೆ. ದೆವ್ವದ ಕಥೆ ಹೇಳಿ ಅಂದರೆ ಎಲ್ಲರೂ ಹುಣಸೆಮರ, ಕೊಳ್ಳಿದೆವ್ವದಿಂದ ಶುರು ಮಾಡುತ್ತಾರೆ. ನಿಜವಾಗಿ ಹೆದರಿಸಿದ ಕಥೆಗೆ ಬಂದಾಗ ಮಾತ್ರ ಗುರುತಿನ ದನಿ ಬರುತ್ತದೆ. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವ ಓದಿ ವಾಪಸ್ ಹೋಗಲಿ ಅಂತ ನಮ್ಮ ಕಡೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಆ ದೆವ್ವವೂ ಮನೆಯವರ ದನಿಯಲ್ಲೇ ಕರೆಯುತ್ತದೆ ಅನ್ನುತ್ತಿದ್ದರು. ಅಪರಿಚಿತ ದನಿಯಾಗಿದ್ದರೆ ಯಾರು ಬಾಗಿಲು ತೆಗೀತಾರೆ?

ಹೋದ ತಿಂಗಳು ಹೊಸದಾಗಿ ಬಂದ ವಯಸ್ಸಾದ ಹೆಂಗಸೊಬ್ಬರು ತಮ್ಮ ಅಜ್ಜಿಯಿಂದ ಕೇಳಿದ ಕಥೆ ಹೇಳಿದರು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಸಾರಿಗೆ ಒಗ್ಗರಣೆ ಹಾಕುವುದು ಹೇಗೆ ಅಂತ ಹೇಳಿದ ಹಾಗೆ ಹೇಳಿದರು.

ಗಂಡ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಿದ್ದ. ನಾಲೆಯಲ್ಲಿ ನೀರು ಬಿಟ್ಟಿದ್ದರು. ಎರಡು ಗಂಟೆಗೆ ಬಂದು, ಬಚ್ಚಲಲ್ಲಿ ಕಾಲು ತೊಳೆದ ಸದ್ದಾಯಿತು, ಪಕ್ಕದಲ್ಲಿ ಮಲಗಿದ. ಕೋಳಿ ಕೂಗುವ ಮುಂಚೆ ಹೊರಗಿನಿಂದ ಅವನದೇ ದನಿ. ‘ಬಾಗ್ಲು ತಗಿಯೇ, ಚಳಿ ಆಯ್ತದೆ.’ ಒಂದು ಸಲ. ಎರಡು ಸಲ. ಮೂರು ಸಲ ಕರೆದ ಮೇಲೇ ಓಗೊಡಬೇಕು ಅನ್ನೋದು ಅವರ ಮನೆಯ ಮಾತು. ಮೂರನೇ ಸಲವೂ ಕರೆಯಿತು. ಅವಳು ಕತ್ತಲಲ್ಲೇ ಪಕ್ಕದಲ್ಲಿ ಮಲಗಿದ್ದವನ ಪಾದ ಮುಟ್ಟಿ ನೋಡಿದಳು.

‘ಒಣಗಿ ಸೌದೆ ಥರ ಇತ್ತಂತೆ’ ಅಂದು ಅವರು ಚೀಲ ಎತ್ತಿಕೊಂಡರು. ಕೊನೆ ಬಸ್ಸಿಗೆ ಹೊತ್ತಾಗಿತ್ತು. ನಾವು ನಾಲ್ಕು ಜನ ಅವರ ಜೊತೆ ಬಸ್ ನಿಲ್ದಾಣದವರೆಗೂ ನಡೆದೆವು.