ಉಪ್ಪಿನಕಾಯಿ ಡಬ್ಬ ಹೊತ್ತು ದೊಡ್ಡ ಹೋಟೆಲಿಗೆ

ಶಿರಸಿಯಿಂದ ಬೆಂಗಳೂರಿಗೆ ಕೆಲಸದ ಮೇಲೆ ಹೋಗುವವರಿಗೆಲ್ಲ ಒಂದೇ ತಾಪತ್ರಯ. ಸ್ಲೀಪರ್ ಬಸ್ಸು ಬೆಳಗಿನ ಜಾವ ತಂದು ಇಳಿಸುತ್ತದೆ. ಹೋಟೆಲಿನವರ ಚೆಕ್-ಇನ್ ಮಧ್ಯಾಹ್ನ ಎರಡಕ್ಕೆ. ಮೀಟಿಂಗ್ ಇರುವುದು ಹತ್ತೂವರೆಗೆ. ನಡುವೆ ಎಲ್ಲಿ ಹಲ್ಲುಜ್ಜುವುದು, ಎಲ್ಲಿ ಸೀರೆ ಬದಲಿಸುವುದು? ಬೇಗ ರೂಮು ಕೊಡಿ ಎಂದರೆ ಬಾಡಿಗೆ ಜಾಸ್ತಿ ಕೇಳುತ್ತಾರೆ, ಅದೂ ರೂಮು ಖಾಲಿ ಇದ್ದರೆ.

ನಾನು ಅಪ್ಪೆಮಿಡಿ ಎಂಬ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾಡಿಸಿ ಮಾರುತ್ತೇನೆ. ಅಂಗಡಿಗಳ ಖರೀದಿ ನೋಡುವವರನ್ನು ಕಾಣಲು ಆಗಾಗ ಬೆಂಗಳೂರಿಗೆ ಹೋಗಬೇಕು. ಈಗ ಹೋಗುವುದು ಹಗಲು, ಬರುವುದು ರಾತ್ರಿ ಎಂದು ಮಾಡಿಕೊಂಡಿದ್ದೇನೆ. ಶಿರಸಿಗೆ ರೈಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಹುಬ್ಬಳ್ಳಿಗೆ ಹೋಗುತ್ತೇನೆ, ನೂರು ಕಿಲೋಮೀಟರ್ ಆಸುಪಾಸು. 2023ರಲ್ಲಿ ಶುರುವಾದ ಧಾರವಾಡ-ಬೆಂಗಳೂರು ವಂದೇ ಭಾರತ್ ಮಧ್ಯಾಹ್ನ ಅಲ್ಲಿ ಸಿಗುತ್ತದೆ. ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ರೂಮು ಸಿದ್ಧವಾಗಿರುತ್ತದೆ, ನಿದ್ದೆ ಪೂರ್ತಿ ಆಗುತ್ತದೆ, ಮರುದಿನ ಮಧ್ಯಾಹ್ನದವರೆಗೆ ಜಾಗ ನನ್ನದು. ಕಾರವಾರ, ಕುಮಟಾ ಕಡೆಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ ನಿಜ, ಆದರೆ ಅದೂ ರಾತ್ರಿ ಗಾಡಿಯೇ. ಬೆಳಿಗ್ಗೆ ಇಳಿದ ಮೇಲೆ ಅವರದ್ದೂ ಇದೇ ಪಾಡು.

ಬೆಂಗಳೂರಲ್ಲಿ ನೆಂಟರಿಲ್ಲದ ಶಿರಸಿಯವರು ಯಾರಿದ್ದಾರೆ ಹೇಳಿ? ನನ್ನ ಸೋದರತ್ತೆ ಮಲ್ಲೇಶ್ವರದಲ್ಲಿದ್ದಾರೆ. “ಹೋಟೆಲಲ್ಲಿ ಎಂತಕೆ ಉಳಿತೆ? ನಮ್ಮನೆ ಇಲ್ಯನೇ ಕೂಸೆ?” ಎಂದು ಪ್ರತಿ ಸಲವೂ ಕೇಳುತ್ತಾರೆ. ಅವರ ಮನೆಯಲ್ಲಿ ಪ್ರೀತಿ ಜಾಸ್ತಿ, ಅದೇ ತೊಂದರೆ. ಕಷಾಯ ಕುಡಿದು, ಯಾರ ಮನೆಯಲ್ಲಿ ಯಾರಿಗೆ ಮದುವೆ ಎಂಬುದೆಲ್ಲ ಮುಗಿಯುವಾಗ ನಡುರಾತ್ರಿ. ದರಪಟ್ಟಿ ನೋಡಿಕೊಳ್ಳುವುದು ಯಾವಾಗ? ಅದಕ್ಕೆ ರಾತ್ರಿ ಹೋಟೆಲಿಗೆ, ಮರುದಿನದ ಊಟ ಅತ್ತೆ ಮನೆಗೆ ಎಂದು ಒಪ್ಪಂದ ಮಾಡಿಕೊಂಡಿದ್ದೇನೆ.

ಹಾಗಿದ್ದರೆ ಸಾದಾ ಲಾಡ್ಜ್ ಸಾಕಲ್ಲ, ಎಂ.ಜಿ. ರೋಡ್ ಪಕ್ಕದ ಥಳುಕಿನ ಹೋಟೆಲ್ ಯಾಕೆ ಅಂತ ಮನೆಯವರೂ ಕೇಳಿದ್ದುಂಟು. ನಾನು ದುಡ್ಡು ಕೊಡುವುದು ರೂಮಿಗಿಂತ ಹೆಚ್ಚಾಗಿ ಕೆಳಗಿನ ಲಾಬಿಗೆ. ಖರೀದಿಯವರ ಆಫೀಸಿಗೆ ಹೋದರೆ ಸೆಕ್ಯುರಿಟಿ, ಕಾಯುವ ಕುರ್ಚಿ, ಕೊನೆಗೆ ಹತ್ತು ನಿಮಿಷದ ಮಾತು. ಅದೇ, “ಇಂಥ ಹೋಟೆಲಿನ ಕಾಫಿ ಶಾಪಿಗೆ ಬನ್ನಿ” ಎಂದರೆ ಖುಷಿಯಿಂದ ಬರುತ್ತಾರೆ. ಕೂತು ಮಾತಾಡುತ್ತಾರೆ. ಮಿಡಿ ಕಚ್ಚಿ ನೋಡುತ್ತಾರೆ. ನನ್ನ ಉಪ್ಪಿನಕಾಯಿಯ ದರ ಕೇಳಿ “ಇಷ್ಟಾ?” ಎನ್ನುವವರೂ ಅಲ್ಲಿ ಸ್ವಲ್ಪ ಮೆತ್ತಗೆ ಎನ್ನುತ್ತಾರೆ!

ಹೊರಗಿನ ತಿನಿಸು ಕಾಫಿ ಶಾಪಿನಲ್ಲಿ ಬಿಚ್ಚಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಮ್ಯಾನೇಜರ್ ಹತ್ತಿರ ಹೋಗಿ, ಇದು ನನ್ನ ಸ್ಯಾಂಪಲ್, ಕಾಫಿ-ತಿಂಡಿ ಎಲ್ಲ ನಿಮ್ಮಲ್ಲೇ ತಗೊಳ್ತೇನೆ, ಮೂಲೆಯ ಟೇಬಲ್ ಮತ್ತು ನಾಲ್ಕು ಸಣ್ಣ ಪ್ಲೇಟ್ ಕೊಡಿ ಎಂದು ಕೇಳುತ್ತೇನೆ. ಹೆಚ್ಚಿನ ಕಡೆ ಕೊಟ್ಟಿದ್ದಾರೆ. ಜೊತೆಗೆ ಬಿಸಿ ಅನ್ನ ಒಂದು ಬಟ್ಟಲು ಹೇಳಿಡುತ್ತೇನೆ. ಬರೀ ಚಮಚದಲ್ಲಿ ಉಪ್ಪಿನಕಾಯಿ ನೆಕ್ಕಿಸಿದರೆ ಉಪ್ಪು ಮಾತ್ರ ಗೊತ್ತಾಗುತ್ತದೆ, ಅಪ್ಪೆಮಿಡಿಯ ಸೊನೆಯ ಪರಿಮಳ ಸಿಗುವುದಿಲ್ಲ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ನಮ್ಮ ಮಿಡಿಗೆ ಎಣ್ಣೆ ಇಲ್ಲ, ಸಾಸಿವೆ, ಮೆಣಸು ಅರೆದ ಉಪ್ಪುನೀರಿನ ರಸ. ಸೋರಿದರೆ ಎಣ್ಣೆಗಿಂತ ಬೇಗ ಹರಡುತ್ತದೆ, ವಾಸನೆ ಎಸಿ ರೂಮಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಸ್ಯಾಂಪಲ್ ಬಾಟಲಿಯನ್ನು ಕತ್ತಿನವರೆಗೆ ತುಂಬಿಸುವುದಿಲ್ಲ. ಮುಚ್ಚಳದ ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಮೇಲೆ ಟೇಪು, ಆಮೇಲೆ ಸ್ಟೀಲ್ ಡಬ್ಬದಲ್ಲಿ ನಿಲ್ಲಿಸಿಯೇ ಒಯ್ಯುವುದು. ತೊಡೆದೇವು ಮಾತ್ರ ಕೈಚೀಲದಲ್ಲಿ. ಹಾಳೆಗಿಂತ ತೆಳು, ಸೂಟ್‌ಕೇಸಿಗೆ ಹಾಕಿದರೆ ಪುಡಿಯನ್ನೇ ಮಾರಬೇಕು.

ಚೆಕ್-ಇನ್ ಹೊತ್ತಿನಲ್ಲಿ ಕೆಲವು ಕೆಲಸ ತಪ್ಪಿಸುವುದಿಲ್ಲ. ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುತ್ತೇನೆ. ಆಧಾರ್ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ. ರೂಮ್ ನಂಬರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರೆ ಬೇರೆ ರೂಮು ಕೇಳುತ್ತೇನೆ. ಒಬ್ಬಳೇ ಹೋಗುವವಳು, ಇದರಲ್ಲಿ ಸಂಕೋಚ ಬೇಡ. ಪಕ್ಕದ ರೂಮಿಗೆ ಬಾಗಿಲಿರುವ ರೂಮೂ ಬೇಡ. ಮೂರು, ನಾಲ್ಕನೇ ಮಹಡಿ ಸಾಕು, ಬೆಂಕಿ ಬಿದ್ದರೆ ಮೆಟ್ಟಿಲಿಳಿದು ಬರುವಷ್ಟು. ಒಳಗೆ ಹೋದೊಡನೆ ಬಾಗಿಲ ಹಿಂದಿನ ನಕ್ಷೆ ನೋಡಿ, ಆ ಮೆಟ್ಟಿಲು ನಿಜವಾಗಿ ಎಲ್ಲಿದೆ ಎಂದು ಒಮ್ಮೆ ನಡೆದು ನೋಡುತ್ತೇನೆ.

ಇನ್ನು ರೂಮಿನ ಸ್ಟೈಲು. ಬಚ್ಚಲಿಗೆ ಗೋಡೆಯ ಬದಲು ಗಾಜು! ಮಂಚದಿಂದ ಷವರ್ ಕಾಣುವುದು ಯಾರಿಗೆ ಬೇಕೋ ದೇವರೇ ಬಲ್ಲ. ಪರದೆ ಇಳಿಸಲು ಎಲ್ಲೋ ಒಂದು ಸ್ವಿಚ್ ಇರುತ್ತದೆ, ರೂಮು ತೋರಿಸಲು ಬಂದ ಹುಡುಗನನ್ನೇ ಕೇಳಿಬಿಡುವುದು ಒಳ್ಳೆಯದು. ದೀಪಗಳೆಲ್ಲ ಮಂದ. ಕನ್ನಡಿಯ ಮುಂದೆ ಸೀರೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಯಾವ ರವಿಕೆ ಎಂಬುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗುತ್ತೇನೆ. ಬಕೆಟ್ ಇರುವುದಿಲ್ಲ. ಫೋನ್ ಮಾಡಿ ಕೇಳಿದರೆ ಬಕೆಟ್ಟು, ಮಗ್ಗು ಎರಡೂ ತಂದು ಕೊಡುತ್ತಾರೆ, ಇಸ್ತ್ರಿ ಪೆಟ್ಟಿಗೆಯೂ ಹಾಗೆಯೇ. ಫ್ರಿಜ್ಜಿನಲ್ಲಿಟ್ಟ ಗೋಡಂಬಿ ಪೊಟ್ಟಣಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಹೊನ್ನಾವರ, ಕುಮಟಾದಲ್ಲಿ ಗೋಡಂಬಿ ಕೊಂಡು ತಿಂದವರಿಗೆ ಆ ದರ ನೋಡಿದರೇ ಹಸಿವು ಹೋಗುತ್ತದೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ, ಇದನ್ನು ನಮ್ಮಂಥ ಸಣ್ಣ ವ್ಯಾಪಾರದವರು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5. ಅದಕ್ಕಿಂತ ಮೇಲೆ ಹೋದರೆ ಶೇಕಡಾ 18. ಅಂದರೆ 7,400ರ ರೂಮಿಗೆ ತೆರಿಗೆ 370 ರೂಪಾಯಿ. ಬರೀ ಇನ್ನೂರು ಹೆಚ್ಚಾಗಿ 7,600 ಆಯಿತೋ, ತೆರಿಗೆ 1,368. ಬುಕ್ ಮಾಡುವಾಗ ಈ ಗೆರೆ ನೋಡಿಕೊಳ್ಳುತ್ತೇನೆ. ಗೆರೆ ದಾಟಲೇಬೇಕಾದರೆ ಫರ್ಮಿನ ಜಿಎಸ್‌ಟಿ ನಂಬರನ್ನು ಚೆಕ್-ಇನ್ ಮಾಡುವಾಗಲೇ ಕೊಡಬೇಕು, ಆಗ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಮ್ಮ ವ್ಯಾಪಾರದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ, ಪಡೆಯಬಹುದು. ಆದರೆ ಇದು ಹೋಟೆಲ್ ಕರ್ನಾಟಕದಲ್ಲೇ ಇದ್ದರೆ ಮಾತ್ರ. ಹೋಟೆಲ್ ಎಲ್ಲಿದೆಯೋ ಆ ರಾಜ್ಯದ ತೆರಿಗೆಯೇ ಬಿಲ್ಲಿಗೆ ಬೀಳುವುದು. ಕಾರವಾರದಲ್ಲಿ ವ್ಯಾಪಾರ ಇಟ್ಟುಕೊಂಡು ಪಣಜಿಯಲ್ಲೋ ಮುಂಬೈಯಲ್ಲೋ ಉಳಿದವರಿಗೆ, ಅಲ್ಲಿ ರಿಜಿಸ್ಟ್ರೇಷನ್ ಇಲ್ಲದಿದ್ದರೆ ಆ ಕ್ರೆಡಿಟ್ ಸಿಗುವುದಿಲ್ಲ.

ಕಾಫಿ ಶಾಪಿನ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಿರಿ ಎನ್ನುತ್ತೇನೆ. ಅದನ್ನು ತಾನಾಗಿ ಸೇರಿಸಬಾರದು ಎಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಜಗಳ ಬೇಕಿಲ್ಲ, ಕೇಳಿದರೆ ತೆಗೆಯುತ್ತಾರೆ. ಪ್ಲೇಟ್ ತಂದುಕೊಟ್ಟ ಹುಡುಗನಿಗೆ ಕೈಯಲ್ಲೇ ಕೊಟ್ಟುಬಿಡುತ್ತೇನೆ.

ಮೀಟಿಂಗ್ ಮುಗಿಸಿ ಹನ್ನೆರಡಕ್ಕೆ ರೂಮು ಬಿಟ್ಟರೆ, ಸಾಮಾನು ಬೆಲ್ ಡೆಸ್ಕಿನವರು ಸಂಜೆವರೆಗೆ ಇಟ್ಟುಕೊಳ್ಳುತ್ತಾರೆ. ಚೀಟಿ ಇಸಿದುಕೊಂಡು ಕೈ ಬೀಸಿಕೊಂಡು ಮೆಟ್ರೋ ಹತ್ತುವುದು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಸಂಪಿಗೆ ರಸ್ತೆಯಲ್ಲಿ ಇಳಿದರೆ ಅತ್ತೆ ಮನೆ ಹತ್ತಿರ. ಉಳಿದ ಸ್ಯಾಂಪಲ್ ಎಲ್ಲ ಅವರಿಗೇ.

ಈಚಿನ ಸಲ ಬೆಳಗಿನ ತಿಂಡಿಯ ಸಾಲಿನಲ್ಲಿ ಇಟ್ಟಿದ್ದ ಉಪ್ಪಿನಕಾಯಿಯನ್ನು, ನಮ್ಮ ಕಸುಬಿನ ಚಟ ನೋಡಿ, ಬಡಿಸಿಕೊಂಡು ರುಚಿ ನೋಡಿದೆ. ಮಾವಿನ ಹೋಳು, ಎಣ್ಣೆ, ವಿನೆಗರ್ ಹುಳಿ. ಇದು ಎಲ್ಲಿಂದ ಬರುತ್ತದೆ ಎಂದು ಶೆಫ್ ಅವರನ್ನು ಕೇಳಿದೆ. ಸಪ್ಲೈಯರ್ ಒಬ್ಬರು ದೊಡ್ಡ ಡಬ್ಬದಲ್ಲಿ ತಂದು ಹಾಕುತ್ತಾರಂತೆ. ನನ್ನ ಮಿಡಿ ಒಂದನ್ನು ಮೊಸರನ್ನದ ಜೊತೆ ಕೊಟ್ಟೆ. ಅವರು ಅದನ್ನು ಗೊರಟೆವರೆಗೂ ಜಗಿದು ಖರೀದಿ ವಿಭಾಗದ ಇಮೇಲ್ ಬರೆದುಕೊಟ್ಟರು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಜಿಎಸ್‌ಟಿ ಪ್ರತಿ, ಐದು ಕೆಜಿ ಡಬ್ಬದ ದರ ಬೇಕು, ಗಾಜಿನ ಬಾಟಲಿ ಬೇಡ ಎಂದಿದ್ದಾರೆ. ಐದು ಕೆಜಿಯಲ್ಲಿ ಮಿಡಿ ಮೆತ್ತಗಾಗದೆ ಉಳಿಯುತ್ತದೆಯೇ ಎಂದು ಈ ಮಿಡಿಕಾಲದಲ್ಲಿ ಎರಡು ಡಬ್ಬ ಹಾಕಿಟ್ಟು ನೋಡುತ್ತಿದ್ದೇನೆ. ದರ ಇನ್ನೂ ಕಳಿಸಿಲ್ಲ.