ಫ್ರೆಂಚ್ ಕ್ಯಾಂಡಲಾಬ್ರದ ಹಳೇ ಮಾಲೀಕರನ್ನು ಹುಡುಕುವುದು ಹೇಗೆ?

ನಾನು ಮೊದಲು ಕಾಗದಪತ್ರ ಮುಟ್ಟುವುದಿಲ್ಲ, ಕ್ಯಾಂಡಲಾಬ್ರವನ್ನೇ (ಹಲವು ಕೊಂಬೆಗಳ ಮೇಣದಬತ್ತಿ ಸ್ಟ್ಯಾಂಡ್) ತಲೆಕೆಳಗು ಮಾಡಿ ಟಾರ್ಚ್ ಬಿಡುತ್ತೇನೆ. ಅಡಿಯಲ್ಲಿ ಬಣ್ಣದಲ್ಲಿ ಬರೆದ ನಂಬರ್, ಹರಿದ ಚೀಟಿ, ಅರಗಿನ ಮುದ್ರೆ ಏನೇ ಇದ್ದರೂ ಉಜ್ಜಬೇಡಿ, ಫೋಟೋ ತೆಗೆಯಿರಿ. ಕಿರೀಟವಿರುವ 'ಸಿ' ಗುರುತು ಕಂಡರೆ ಹುಷಾರು. ಫ್ರಾನ್ಸ್‌ನಲ್ಲಿ ತಾಮ್ರ ಬೆರೆತ ಲೋಹದ ವಸ್ತುಗಳಿಗೆ ಆ ತೆರಿಗೆ ಮುದ್ರೆ ಒತ್ತುತ್ತಿದ್ದದ್ದು 1745ರಿಂದ 1749ರವರೆಗೆ. ಹಳೇ ಗ್ರೀಕ್-ರೋಮನ್ ಮಾದರಿಯ ನಿಯೋಕ್ಲಾಸಿಕಲ್ ಶೈಲಿ ಬಂದದ್ದು ಆಮೇಲೆ ಅಲ್ವಾ? ಆ ಶೈಲಿಯ ಕ್ಯಾಂಡಲಾಬ್ರದ ಮೇಲೆ ಈ ಗುರುತಿದ್ದರೆ ಅನುಮಾನ ಪಡಿ.

ಇನ್ನು ಈಗಿನ ಮಾಲೀಕರಿಂದ ಹಿಂದಕ್ಕೆ ಹೋಗಿ. ಪ್ಯಾರಿಸ್‌ನ ಹಳೇ ಹರಾಜು ಕ್ಯಾಟಲಾಗ್‌ಗಳಲ್ಲಿ ಎತ್ತರ, ಕೊಂಬೆಗಳ ಲೆಕ್ಕ ತಾಳೆ ನೋಡಿ. ಇವನ್ನು ಜಾಸ್ತಿ ಜೋಡಿಯಾಗಿಯೇ ಮಾಡುತ್ತಿದ್ದರು. ಒಂಟಿ ಸಿಕ್ಕರೆ ಜೊತೆಯದನ್ನೂ ಹುಡುಕಿ.

'ವರ್ಸೇಲ್ಸ್ ಅರಮನೆಯದು' ಅಂದರೆ ನಾನಂತೂ ಸುಮ್ನೆ ನಂಬುವುದಿಲ್ಲ. ಅಲ್ಲಿನ ಸಾಮಾನು 1793-94ರಲ್ಲಿ ಹರಾಜಾಗಿದ್ದು ನಿಜ, ಆದರೆ ಅರಮನೆಯ ದಾಸ್ತಾನು ನಂಬರ್ ತೋರಿಸಲಿ. 1933ರಿಂದ 1945ರ ನಡುವೆ ಮಾಲೀಕರ ಹೆಸರೇ ಇಲ್ಲವೇ? ನಾಜಿಗಳು ಯೆಹೂದಿಗಳ ಮನೆಯಿಂದ ದೋಚಿದ್ದಿರಬಹುದು. ಲೂಟಿಯಾದ ವಸ್ತುಗಳ ಪಟ್ಟಿ ನೋಡದೆ ದುಡ್ಡು ಕೊಡಬೇಡಿ.