78 ತಂತಿಗಳಿಗೆ ಶ್ರುತಿ ಕೂಡಿಸುತ್ತ

ಮೊದಲ ಮೂರು ತಿಂಗಳು ನಾನು ಕಾನೂನ್ ಎಂಬ ತಂತಿವಾದ್ಯವನ್ನು ನುಡಿಸಿದ್ದಕ್ಕಿಂತ ಅದಕ್ಕೆ ಶ್ರುತಿ ಕೂಡಿಸಿದ್ದೇ ಹೆಚ್ಚು. ಕೆಲಸದ ಮೇಲೆ ಇಸ್ತಾಂಬುಲ್‌ನಲ್ಲಿದ್ದಾಗ, ಗಾಲಿಪ್ ದೆದೆ ಬೀದಿಯ ಅಂಗಡಿಯೊಂದರಲ್ಲಿ ಕೊಂಡ ವಾದ್ಯವದು. ಕೋರ್ಟು ಕಚೇರಿಯಲ್ಲಿ ನಾವಾಡುವ ‘ಕಾನೂನು’ ಕೂಡ ಇದೇ ಪದ. ಗ್ರೀಕರಿಂದ ಅರಬರಿಗೆ ಬಂದು, ಅಲ್ಲಿಂದ ಹರಡಿದ್ದು.

ತೊಡೆಯ ಮೇಲಿಟ್ಟುಕೊಂಡರೆ ಎಡಕ್ಕೆ ಬಿರಡೆಗಳು, ಬಲಕ್ಕೆ ಚರ್ಮದ ಮೇಲೆ ನಿಂತು ತಂತಿಗಳನ್ನು ಹೊತ್ತ ಕುದುರೆ, ಅಂದರೆ ಮೇರು. ಸ್ವರಕ್ಕೆ ಮೂರರಂತೆ 26 ಸ್ವರಗಳಿಗೆ 78 ತಂತಿ. ಎರಡೂ ತೋರುಬೆರಳಿಗೆ ಉಂಗುರ ತೊಟ್ಟು, ಅದರಡಿ ಮಿಜ್ರಾಬ್ ಎಂಬ ಮೀಟುಕಡ್ಡಿ ಸಿಕ್ಕಿಸಿ ಮೀಟಬೇಕು.

ಮೂರರಲ್ಲಿ ಎರಡು ತಂತಿಗಳನ್ನು ಬೆರಳಿನಿಂದ ಅದುಮಿ, ಒಂದನ್ನು ಮಾತ್ರ ಮೀಟಿ ಕೀಲಿಯಿಂದ ಬಿರಡೆ ತಿರುವುತ್ತೇನೆ. ಅದು ಸರಿಯಾದ ಮೇಲೆ ಎರಡನೆಯದನ್ನು ಬಿಡುತ್ತೇನೆ. ಎರಡರ ನಡುವೆ ಒಂದು ನಡುಕ ಕೇಳುತ್ತದೆ. ಕೀಲಿ ತಿರುವಿದಂತೆ ಅದು ನಿಧಾನವಾಗುತ್ತ ಬಂದು, ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ. ಆಮೇಲೆ ಮೂರನೆಯದು. ಲೊದೊಸ್ ಎಂಬ ನೈಋತ್ಯದ ಗಾಳಿ ಬೀಸಿ ಹವೆಯಲ್ಲಿ ತೇವ ಏರಿದ ದಿನ ಚರ್ಮ ಸಡಿಲಗೊಂಡು ಕುದುರೆ ತುಸು ತಗ್ಗುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇಳಿದಿರುತ್ತದೆ.

ನಿಜವಾದ ಪಾಠ ಸಿಕ್ಕಿದ್ದು ಮಂಡಲ್‌ಗಳಲ್ಲಿ. ಬಿರಡೆಗಳ ಪಕ್ಕ ಪ್ರತಿ ಸ್ವರಕ್ಕೂ ಇರುವ ಪುಟ್ಟ ಲೋಹದ ಸನ್ನೆಗೋಲುಗಳಿವು. ಒಂದನ್ನು ಎತ್ತಿದರೆ ತಂತಿಯ ಉದ್ದ ತುಸು ಕಡಿಮೆಯಾಗಿ ಸ್ವರ ಏರುತ್ತದೆ. ತುರ್ಕಿಯ ವಾದ್ಯಗಳಲ್ಲಿ ಸಾಮಾನ್ಯವಾಗಿ ಅರ್ಧಸ್ವರವನ್ನು ಆರು ಪಾಲು ಮಾಡಿರುತ್ತಾರೆ. ಅಂದರೆ ಸ್ಥಾಯಿಗೆ 72 ಪಾಲು. ಅವರ ಶಾಸ್ತ್ರವಾದರೋ ಪೂರ್ಣಸ್ವರಕ್ಕೆ ಕೋಮಾ ಎಂಬ 9 ಸೂಕ್ಷ್ಮ ಪಾಲು, ಸ್ಥಾಯಿಗೆ 53 ಎನ್ನುತ್ತದೆ. ಎರಡು ಲೆಕ್ಕಗಳೂ ಒಂದಕ್ಕೊಂದು ಕೂಡುವುದಿಲ್ಲ. ಆ ಅಂತರವನ್ನು ಕಿವಿಯೇ ತುಂಬಬೇಕು.

ನಮ್ಮ ರಾಗದಂತಿರುವ ಮಕಾಮ್‌ಗಳಲ್ಲಿ ಒಂದಾದ ಉಷ್ಷಾಕ್ ಕಲಿಯುವಾಗ ಇದು ಅರ್ಥವಾಯಿತು. ಅದರ ಎರಡನೆಯ ಸ್ವರಕ್ಕೆ ಬರಹದಲ್ಲಿ ಒಂದು ಕೋಮಾ ಇಳಿಕೆಯ ಗುರುತಿದೆ. ಅಷ್ಟಕ್ಕೇ ಮಂಡಲ್ ಇಳಿಸಿ ನುಡಿಸಿದೆ. ಹೋಜಾ, ಅಂದರೆ ನನ್ನ ಗುರುಗಳು, ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು. “ಮೊದಲು ಹಾಡು,” ಎಂದರು. ಅವರಿಂದ ಕೇಳಿ ಕಲಿತಂತೆ ಹಾಡಿದೆ. ನನ್ನ ದನಿ ತಂತಿಗಿಂತ ಕೆಳಗಿತ್ತು. ಅವರು ಇನ್ನೂ ಎರಡು ಮಂಡಲ್ ಇಳಿಸಿದರು.

ವೀಣೆ ಹಿಡಿದು ಬೆಳೆದ ನನಗೆ ತೋಡಿ ರಾಗ ನೆನಪಾಯಿತು. ಪುಸ್ತಕದಲ್ಲಿ ತೋಡಿಗೂ ಖರಹರಪ್ರಿಯಕ್ಕೂ ಒಂದೇ ಸಾಧಾರಣ ಗಾಂಧಾರ. ಕೈಯಲ್ಲಿ ಎರಡೂ ಬೇರೆ ಬೇರೆ. ಆದರೆ ವೀಣೆಯಲ್ಲಿ ತಂತಿಯನ್ನು ಎಳೆದು ಆ ಜಾಗ ಹುಡುಕಬಹುದು. ಇಲ್ಲಿ ಮೀಟುವ ಮೊದಲೇ ಎಡಗೈ ಹೋಗಿ ಮಂಡಲ್ ಸರಿಪಡಿಸಿರಬೇಕು. ಅದು ಹೋಗಿ ಬರುವಷ್ಟು ಹೊತ್ತು ಬಲಗೈ ಒಂಟಿಯಾಗಿ ನಡೆ ತಪ್ಪದೆ ನುಡಿಸುತ್ತಿರಬೇಕು. ಇದೊಂದಕ್ಕೇ ನನಗೆ ಎಂಟು ತಿಂಗಳು ಹಿಡಿಯಿತು. ಈಗಲೂ ವಾದ್ಯ ತೆಗೆದೊಡನೆ ಉಷ್ಷಾಕ್‌ನ ಆ ಸ್ವರವನ್ನು ಒಮ್ಮೆ ಹಾಡಿಕೊಂಡೇ ಮಂಡಲ್ ಮುಟ್ಟುತ್ತೇನೆ.